ಹೂರಿಗಾಂ

ನನಗೆ ಯಾರ ಮೇಲೂ ನಂಬಿಕೆ ಇಲ್ಲ. ಬಂಗಾರಪೇಟೆ ಸ್ಟೇಷನ್ ಎದುರು ಹನ್ನೆರಡು ವರ್ಷ ಕ್ಯಾಸೆಟ್ ಅಂಗಡಿ ನಡೆಸಿದವನಿಗೆ ಅದು ಉಳಿಯುವುದೂ ಇಲ್ಲ. ಹಾಗಾಗಿ ೧೯೯೬ರ ಆ ಭಾನುವಾರ ಸೊಣ್ಣಮ್ಮ ಬೇತಮಂಗಲದ ಬಸ್ಸಿಳಿದು ಬಂದು, ಸೆರಗಿನ ಗಂಟು ಬಿಚ್ಚಿ ಒಂದು ಕ್ಯಾಸೆಟ್ ಕೊಟ್ಟಾಗ ನನಗೆ ಮೊದಲು ಬಂದದ್ದು ಅನುಮಾನ.

"ನನ್ ಮಗಂದು. ಪೆಟ್ಟಿಗೇಲಿ ಸಿಕ್ತು. ಇದ್ನೂ ಒರಗೆ ತರಪ್ಪ ಕೋದಂಡಪ್ಪ, ಅವ್ನ ದನಿ ನಾಲ್ಕ್ ಜನ ಕೇಳ್ಲಿ."

ಅವಳ ಮಗ ಆದಿನಾರಾಯಣ ನಮ್ಮ ಸೀಮೆಯ ರ‍್ಯಾಪ್ ಹಾಡುಗಾರ. ಕನ್ನಡ, ತೆಲುಗು, ತಮಿಳು ಕಲಸಿ ತಾಳಕ್ಕೆ ಸರಿಯಾಗಿ ಪಟಪಟನೆ ಮಾತು ಉದುರಿಸುತ್ತಿದ್ದ. ಅವನ ಒಂದೇ ಒಂದು ಕ್ಯಾಸೆಟ್ ಹೊರತಂದವನು ನಾನು. ಎರಡು ವರ್ಷದ ಹಿಂದೆ ಕಾಮಾಲೆಯಾಗಿ ತೀರಿಕೊಂಡಿದ್ದ.

ಸುದ್ದಿ ತಿಳಿದು ಅಭಿಮಾನಿಗಳು ಅಂಗಡಿ ತುಂಬಿದರು. ಕ್ಯಾಸೆಟ್ ಹಾಕಿದೆ.

"ಹೂರಿಗಾಂ ಲೈನಲ್ಲಿ ಹಾರು ಮನೆ..."

ಗಣಿ ಕಾರ್ಮಿಕರ ಸಾಲುಮನೆಗಳ ಊರಿಗಾಂ ಹೂರಿಗಾಂ ಆಗಿತ್ತು, ಆರು ಹಾರಾಗಿತ್ತು; ಬೇಡದ ಕಡೆಯೆಲ್ಲ ಹ. ಚಾಂಪಿಯನ್ ರೀಫ್ಸ್ ಗಣಿಯ ಮುನಿಸ್ವಾಮಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ನಮ್ ಆದಿ ಬಾಯಲ್ಲಿ ಆ ಅಕ್ಷರ ಯಾವತ್ ಬಂದಿತ್ಲಾ? ಓಗು, ಅಸು, ಅಳ್ಳಿ, ಅಷ್ಟೇಯ. ಇದು ಡೂಪು ಕಣ್ಲಾ!"

"ತಾಳ ಅವಂದೇ. ಅಳೇದ್ಕಿಂತ ಬಿಗಿಯಾಗೈತೆ," ಎಂದ ಶ್ರೀರಾಮಪ್ಪ.

ಈ ಶ್ರೀರಾಮಪ್ಪ ಮದುವೆ ಆರ್ಕೆಸ್ಟ್ರಾದಲ್ಲಿ ಮಿಮಿಕ್ರಿ ಮಾಡುವವನು. ಸೊಣ್ಣಮ್ಮನ ಮನೆಗೆ ಹೋಗಿ ಬರುವವನೂ ಅವನೇ. ಎಲ್ಲರ ಕಣ್ಣೂ ಅವನತ್ತ ತಿರುಗಿತು.

"ನೀನೇ ಮಾಡಿ ಪೆಟ್ಟಿಗೇಲಿ ಇಟ್ಟಿದೀಯ," ಎಂದೆ.

"ದ್ಯಾವ್ರಾಣೆ ಇಲ್ಲಣ್ಣ!"

ಆಣೆ ಹಾಕುವವರನ್ನು ನಾನು ಇನ್ನೂ ಕಡಿಮೆ ನಂಬುತ್ತೇನೆ. ಇದರ ಮೇಲೆ ಭಜನೆ ರೆಕಾರ್ಡ್ ಮಾಡಿ ಮುಗಿಸಿಬಿಡೋಣ ಎಂದುಕೊಂಡೆ.

ಸೊಣ್ಣಮ್ಮನ ಕಣ್ಣು ತುಂಬಿತು. "ಅವಂದೇ ಕಣಪ್ಪ. ಕೊಟ್ಟಿಗೇಲಿ ನಿಂತ್ಕಂಡು ತಿಂಗ್ಳುಗಟ್ಲೆ ಹಾ, ಹಾ ಅಂತಿದ್ದ. ಎಮ್ಮೆ ಬೆದ್ರಿ ಆಲೇ ಕೊಡ್ತಿರ್ಲಿಲ್ಲ. ಯಾಕ್ಲಾ ಅಂದ್ರೆ, ಅದು ಕಲ್ತ್ರೇನೇ ಎರಡ್ನೇ ಕ್ಯಾಸೆಟ್ ತರೋದಂತೆ, ಅಂತಿದ್ದ."

"ಯಾರಂದಿದ್ದು?" ಎಂದ ಮುನಿಸ್ವಾಮಪ್ಪ.

ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಇದೇ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ನಾನೇ ಅಂದಿದ್ದೆ: "ಮೊದ್ಲು ಹ ಅನ್ನೋಕೆ ಕಲಿ, ಆಮೇಲೆ ಬಾ. ಬೆಂಗಳೂರಲ್ಲಿ ನಗ್ತಾರೆ." ಅಂದು ಮರೆತೂಬಿಟ್ಟಿದ್ದೆ. ಮಿಮಿಕ್ರಿಯವನಾಗಿದ್ದರೆ ಆದಿಯ ಹಾಗೆ ಎಲ್ಲ ಕಡೆ ಹ ನುಂಗುತ್ತಿದ್ದ. ಹೆದರಿ ಕಲಿತವನು ಮಾತ್ರ ಸಿಕ್ಕಿದ ಕಡೆಯೆಲ್ಲ ಹ ಹಾಕುತ್ತಾನೆ.

ಟೇಪು ನಿಲ್ಲಿಸಲು ಕೈ ಚಾಚಿದೆ. ಅಷ್ಟರಲ್ಲಿ ಹಾಡು ಮುಗಿದು, ಎಮ್ಮೆಯೊಂದು ಕೂಗಿ, ಆದಿ ಮಾತಾಡಿದ.

"ಕೋದಂಡಪ್ಪ ಹಣ್ಣಾ, ಹೀಗ ಸರೋಯ್ತಾ?"

ಮುನಿಸ್ವಾಮಪ್ಪ ನಗಲು ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿದ.

"ಮಗ ಕೇಳ್ತಾವ್ನಲ್ಲಪ್ಪ," ಎಂದಳು ಸೊಣ್ಣಮ್ಮ. "ಉತ್ರ ಏಳು."