ಕ್ಲೆಮ್ ಕೈ ಎತ್ತಿದ ದಿನ

ಕ್ಲೆಮ್ ಪಾಸ್ಕೊ ನೊಣ ಓಡಿಸುತ್ತಿರಲಿಲ್ಲ. ಬೇಸಗೆಯಲ್ಲಿ ನಮ್ಮ ವೂಲ್ಗರಾ ಊರಿನವರ ಬಲಗೈಗೆ ಮುಖದ ಮುಂದೆ ಬೀಸುವುದೇ ಉದ್ಯೋಗ. ಕ್ಲೆಮ್ ಮಾತ್ರ ಎರಡೂ ಕೈಗಳನ್ನು ಕಂದು ಕೋಟಿನ ಜೇಬಿಗಿಳಿಸಿ ಧ್ಯಾನಸ್ಥ ಮುನಿಯಂತೆ ನಿಂತಿರುತ್ತಿದ್ದ. ಅವನ ಮೂಗಿನ ಮೇಲೆ ನೊಣಗಳ ಮೂರು ತಲೆಮಾರು ಹುಟ್ಟಿ, ಬೆಳೆದು, ಮದುವೆಯಾದದ್ದನ್ನು ನಾನೇ ಕಂಡಿದ್ದೇನೆ. ನಂಬದವರು ನನ್ನ ಹೆಂಡತಿಯನ್ನು ಕೇಳಬಹುದು, ಅವಳೂ ನಂಬುವುದಿಲ್ಲ.

ಕಾರಣವಿತ್ತು. ಇಪ್ಪತ್ತರ ಹರೆಯದಲ್ಲಿ ಕುದುರೆ ಹರಾಜಿಗೆ ಹೋದವನು ಕಿವಿಯ ಬಳಿಯ ನೊಣಕ್ಕೆ ಕೈ ಬೀಸಿದ್ದೇ ಸವಾಲೆಂದು ಲೆಕ್ಕವಾಗಿ, ಒಂದು ಕುಂಟುಕುದುರೆಯ ಒಡೆಯನಾಗಿ ಮರಳಿದ್ದ. ಅವನ ಮೇಲಿನ ಹಟಕ್ಕೆಂಬಂತೆ ಅದು ಹದಿನೆಂಟು ವರ್ಷ ಬದುಕಿತು.

ಹೆಂಡತಿ ಎನಿಡ್ ಜೊತೆ ಇಪ್ಪತ್ತೆರಡು ವರ್ಷ ಕ್ಯಾರವಾನ್ ಎಂಬ ಗಾಲಿಮನೆಯಲ್ಲೇ ಸಂಸಾರ ಮಾಡಿದ. ಒಬ್ಬರು ಮಗ್ಗುಲು ಬದಲಿಸಬೇಕಾದರೆ ಇನ್ನೊಬ್ಬರು ಹೊರಗಿಳಿಯಬೇಕು. ಹೀಗಿರುವಾಗ ಗುಡ್ಡದ ಮೇಲಿನ ಖಾಲಿ ಸೈಟು, ಉತ್ತರಕ್ಕೆ ವಾಲುವ ನಮ್ಮ ಕಡೆಯ ಸೂರ್ಯನ ಬಿಸಿಲು ದಿನವಿಡೀ ಬೀಳುವಂಥದು, ಹರಾಜಿಗೆ ಬಂತು. ಎನಿಡ್ ಆಗಲೇ ಹೋಗಿ ಮುಂದೆ ಕಟ್ಟಲಿರುವ ಅಡುಗೆಮನೆಯ ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು ಬಂದಿದ್ದಳು.

ಶನಿವಾರ, ಆ ಸೈಟಿನಲ್ಲೇ ಹರಾಜು. ಸಿಡ್ನಿಯ ದಂತವೈದ್ಯನೊಬ್ಬ ಮೊದಲ ಸವಾಲು ಕೂಗಿ, ಕೈ ಬೀಸಿ ನೊಣ ಓಡಿಸತೊಡಗಿದ. ನಾನು ಅವನ ಪಕ್ಕಕ್ಕೆ ಸರಿದು, “ಡಾಕ್ಟ್ರೇ, ಹುಷಾರು. ಹೋದ್ವರ್ಷ ಒಬ್ರು ಹಿಂಗೇ ನೊಣ ಓಡ್ಸಕ್ಕೋಗಿ ಸ್ಮಶಾನ ಕೊಂಡ್ಕೊಂಡ್ರು” ಎಂದೆ. ಅವನು ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡ.

ಹರಾಜು ಕೂಗುವ ರೆಜ್, “ಒಂದು ಸಲ… ಎರಡು ಸಲ…” ಎಂದ. ಕ್ಲೆಮ್‌ನ ಕೈ ಜೇಬಿನಿಂದ ಬರಲೊಲ್ಲದು.

“ಕೈ ಎತ್ತೋ,” ಎಂದಳು ಎನಿಡ್.

“ಬರ್ತಿಲ್ಲ ಕಣೇ.”

“ಆ ಕುದ್ರೆ ಸತ್ತು ಯಾವ ಕಾಲ ಆಯ್ತೋ!”

ಮರುಕ್ಷಣ ಕ್ಲೆಮ್‌ನ ಕೆನ್ನೆಯ ನೊಣದ ಮೇಲೆ ಅವಳ ಅಂಗೈ ಚಟೀರನೆ ಬಿತ್ತು. ನೋವಿಗೆ ಅವನ ಕೈ ತಾನಾಗಿಯೇ ಮೇಲೆದ್ದಿತು.

“ಕ್ಲೆಮ್‌ದು ಸವಾಲು,” ಎಂದ ರೆಜ್.

ದಂತವೈದ್ಯ ಮರುಸವಾಲು ಕೂಗಲು ಬಾಯಿ ತೆರೆದ. ನೊಣಗಳು ಒಳಹೊಕ್ಕು ಅವನ ಹಲ್ಲುಗಳನ್ನೇ ಪರೀಕ್ಷಿಸತೊಡಗಿದವು. ಅವನು ಉಗುಳಿ ಮುಗಿಸುವಷ್ಟರಲ್ಲಿ ರೆಜ್‌ನ ಸುತ್ತಿಗೆ ಬಿದ್ದು ಸೈಟು ಕ್ಲೆಮ್‌ನದಾಗಿತ್ತು.

“ನೀವೇ ಕೈ ಎತ್ಬೋದಿತ್ತಲ್ಲ, ಎನಿಡ್?” ಎಂದು ಕೇಳಿದೆ.

“ಎತ್ತಿದ್ನಲ್ಲ. ಮಧ್ಯ ಇವ್ನ ಕೆನ್ನೆ ಬಂತು, ನಾನೇನ್ ಮಾಡ್ಲಿ?”

ಆ ಸಂಜೆ ಕ್ಲೆಮ್ ನಾಲ್ಕು ಕಲ್ಲುಗಳ ನಡುವೆ ನಿಂತು, ಎರಡೂ ಕೈಗಳಿಂದ ನೊಣ ಓಡಿಸುತ್ತ, ಮಗುವಿನಂತೆ ನಗುತ್ತಿದ್ದ.

ಇಂಥವರು ಹೇಡಿಗಳಲ್ಲ, ಒಮ್ಮೆ ಕೈ ಬೀಸಿ ಕುಂಟುಕುದುರೆ ಪಡೆದವರು, ಅಷ್ಟೇ. ತಮಗೆ ಬೇಕಾದದ್ದರ ಎದುರೇ ಜೇಬಿನಲ್ಲಿ ಕೈಯಿಟ್ಟು ಇಡೀ ಆಯುಷ್ಯ ನಿಂತುಬಿಡುತ್ತಾರೆ, ಸಮಯಕ್ಕೆ ಸರಿಯಾಗಿ ಕೆನ್ನೆಗೆ ಬಾರಿಸುವಷ್ಟು ಪ್ರೀತಿಯುಳ್ಳವರು ಪಕ್ಕದಲ್ಲಿಲ್ಲದಿದ್ದರೆ.