ಟೈಲರ್ ಜಡ್ಜ್ ಆಗಲು ಹೊರಟ ಸಂಜೆ

ನಟಿಸುವುದನ್ನು ಕಲಿಯೋಕೂ ಒಂದು ಶಾಲೆ ಬೇಕೇ? ಈ ಪ್ರಶ್ನೆ ನಮ್ಮ ಟೈಲರ್‌ನ ತಲೆ ತಿನ್ನುತ್ತಿತ್ತು.

ಅವನಿಗಿದ್ದವಳು ಒಬ್ಬಳೇ ಮಗಳು. ಕಾಲೇಜು ಮುಗಿಸಿದ್ದಳು. ಸಿನಿಮಾ, ಧಾರಾವಾಹಿಗಳಲ್ಲಿ ನಟಿಸಬೇಕು ಎನ್ನುತ್ತಿದ್ದಳು. ಅದಕ್ಕೆ ಅವನ ಅಡ್ಡಿಯಿರಲಿಲ್ಲ. ಆದರೆ ಒಂದು ವರ್ಷ ನಟನೆಯ ತರಬೇತಿ ಶಾಲೆಗೆ ಹೋಗುತ್ತೇನೆ ಎಂದಾಗ ಹೊಲಿಗೆ ಯಂತ್ರ ತುಳಿಯುವುದನ್ನೇ ನಿಲ್ಲಿಸಿಬಿಟ್ಟ.

"ವರ್ಷಗಟ್ಟಲೆ ಅಲ್ಲೇನು ಕಲಿಸ್ತಾರೆ? ನೀನು ಹುಟ್ಟಿದಾಗಿಂದ ನಟಿಸ್ತಾನೇ ಇದೀಯ. ಪರೀಕ್ಷೆ ದಿನ ಬರ್ತಿತ್ತಲ್ಲ ನಿನ್ನ ಹೊಟ್ಟೆನೋವು, ಡಾಕ್ಟರೇ ನಂಬಿದ್ರು!"

"ಅದು ಸುಳ್ಳು, ಅಪ್ಪ. ನಟನೆ ಬೇರೆ."

"ಬೇರೆ ಏನು ಬಂತು? ಸುಳ್ಳಿಗೆ ಲೈಟ್ ಹಾಕಿದ್ರೆ ನಟನೆ, ಅಷ್ಟೇ."

ಇಷ್ಟು ಧೈರ್ಯದ ಮಾತಿಗೆ ಕಾರಣವಿತ್ತು. ಹಿಂದಿನ ದಿನ ಕಪ್ಪು ಕನ್ನಡಕದವನೊಬ್ಬ ಅಂಗಡಿಗೆ ಕೋಟು ಹೊಲಿಸಲು ಬಂದಿದ್ದ. ಸಿನಿಮಾಕ್ಕೆ ಕಲಾವಿದರನ್ನು ಆರಿಸುವವನಂತೆ. ಅಂಗಡಿಯ ಗೋಡೆಯ ಮೇಲಿದ್ದ ಮಗಳ ಫೋಟೋ ಕಂಡವನೇ, "ಇವಳಿಗೆ ತರಬೇತಿ ಯಾಕ್ರೀ? ನಾಯಕಿಯ ತಂಗಿ ಪಾತ್ರ ಇವಳಿಗೇ. ನಾಳೆ ಸಂಜೆ ಲಾಡ್ಜಿಗೆ ಕಳಿಸಿ, ಆಡಿಷನ್ ಮುಗಿಸಿಬಿಡೋಣ" ಎಂದಿದ್ದ. ಆಮೇಲೆ ಟೈಲರ್‌ನ ಮುಖವನ್ನೇ ದಿಟ್ಟಿಸಿ, "ಅರೆ, ಜಡ್ಜ್ ಪಾತ್ರಕ್ಕೆ ಊರೆಲ್ಲ ಮುಖ ಹುಡುಕ್ತಿದ್ದೆ. ಇಲ್ಲೇ ಇದೆಯಲ್ಲ!" ಎಂದೂ ಸೇರಿಸಿದ್ದ.

ಅಷ್ಟು ಹೊಗಳಿಕೆ ಸಾಕಾಯಿತು, ನಮ್ಮವನು ಅಟ್ಟಕ್ಕೇರಿಬಿಟ್ಟ. ಮರುದಿನ ಪೂರ್ತಿ ಗಿರಾಕಿಗಳೊಂದಿಗೆ ಗಂಟಲು ಗಡುಸು ಮಾಡಿಕೊಂಡೇ ಮಾತಾಡಿದ. ಸೊಂಟದ ಅಳತೆಯನ್ನೂ ತೀರ್ಪು ಓದುವ ಹಾಗೆ ಓದಿದ. ಮಗಳು ಆಡಿಷನ್‌ಗೆ ತೊಡಲೆಂದು ಹೊಸ ಅಂಗಿಯನ್ನೂ ತಾನೇ ಕತ್ತರಿಸಿ ಹೊಲಿಯಲು ಕೂತ.

"ಒಬ್ಬಳೇ ಯಾಕೆ ಹೋಗ್ಬೇಕು, ಅಪ್ಪ? ನಂಗ್ಯಾಕೋ ಸರಿ ಕಾಣಲ್ಲ."

"ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಕೋಬೇಡ!"

ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಂದಳು. ಧಾರಾವಾಹಿಗಳಲ್ಲಿ ಸೊಸೆಯಂದಿರನ್ನು ಗೋಳುಹೊಯ್ದುಕೊಳ್ಳುವ ಪಾತ್ರ ಮಾಡಿ ಮಾಡಿ, ಬೀದಿಗೆಲ್ಲ 'ಸೀರಿಯಲ್ ಅತ್ತೆ' ಎಂದೇ ಹೆಸರಾದವಳು. ನಿಜದಲ್ಲಿ ಜಿರಲೆ ಕಂಡರೆ ಮಂಚ ಹತ್ತುವವಳು. ವಿಷಯವೆಲ್ಲ ಕೇಳಿ ಅಲ್ಲೇ ಸ್ಟೂಲ್ ಎಳೆದುಕೊಂಡಳು.

"ಟೈಲರಣ್ಣ, ನಿಮ್ಮ ಹತ್ರ ಕೆಲಸ ಕಲಿಯೋಕೆ ಬಂದವರಿಗೆ ಮೊದಲ ದಿನವೇ ಕತ್ತರಿ ಕೊಡ್ತೀರಾ?"

"ಅಯ್ಯೋ, ಬಟ್ಟೆ ಹಾಳಾಗಲ್ವಾ ಅಕ್ಕ? ಮೊದಲು ಗುಂಡಿ ಹೊಲಿಲಿ."

"ನಾನೂ ಎರಡು ವರ್ಷ ಗುಂಡಿ ಹೊಲಿದೇ ಬಂದವಳು. ಉಸಿರು, ದನಿ, ನಡೆ, ಕ್ಯಾಮೆರಾ ಮುಂದೆ ನಿಲ್ಲೋದು, ಎಲ್ಲ ಕಲಿತೆ. ನೀವು ಹಾಗೇ ಜಡ್ಜ್ ಆಗ್ತೀರಲ್ಲ, ಎಲ್ಲಿ, ಒಮ್ಮೆ ಆಗಿ ನೋಡೋಣ."

ಟೈಲರ್ ಮೀಸೆ ತೀಡಿಕೊಂಡು ಎದ್ದ. ಸೀರಿಯಲ್ ಅತ್ತೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದಳು. ಗೆರೆಯ ಹತ್ತಿರ ಬಂದು ನಿಲ್ಲಬೇಕು. ಬಲಗೈ ಎತ್ತಿ, "ನಿನಗೆ ಜೀವಾವಧಿ ಶಿಕ್ಷೆ" ಎನ್ನಬೇಕು. ಅಪರಾಧಿಯ ಜಾಗಕ್ಕೆ ಟೈಲರ್‌ನ ಹೆಂಡತಿಯನ್ನು ಒಳಗಿನಿಂದ ಕರೆದು ನಿಲ್ಲಿಸಿದರು.

"ಮದುವೆ ಆದಾಗಿಂದ ಅನುಭವಿಸ್ತಾನೇ ಇದೀನಿ, ಹೊಸದೇನಿಲ್ಲ" ಎಂದಳು ಆಕೆ.

ಮಗಳು ಮೊಬೈಲ್ ಹಿಡಿದಳು. ಮೊದಲ ಸಲ ಜಡ್ಜ್ ಸಾಹೇಬರು ಗೆರೆ ದಾಟಿ ಬಂದರು. ಮೊಬೈಲಿನಲ್ಲಿ ಬರೀ ಹೊಟ್ಟೆ, ಅದರ ಮೇಲೊಂದು ಅಳತೆ ಟೇಪು. ಎರಡನೇ ಸಲ ಗೆರೆ ತಪ್ಪೀತೆಂದು ಕೆಳಗೇ ನೋಡುತ್ತ ಬಂದು ನೆಲಕ್ಕೆ ಶಿಕ್ಷೆ ಕೊಟ್ಟರು. ಮೂರನೇ ಸಲ ಸರಿಯಾಗಿ ನಿಂತರು, ಕೈಯೂ ಎತ್ತಿದರು. ಆದರೆ ಕಣ್ಣು ಹೋಗಿ ಅಪರಾಧಿಯ ತೋಳಿನ ಮೇಲೆ ಬಿತ್ತು.

"ನಿನಗೆ ಜೀವಾವಧಿ... ಥೂ, ಈ ತೋಳು ಯಾವನೇ ಹೊಲಿದಿದ್ದು? ಒಂದು ಉದ್ದ, ಒಂದು ಗಿಡ್ಡ!"

"ನೀವೇ ರೀ!"

ಮಗಳು ನಗು ತಡೆಯಲಾರದೆ ಮೊಬೈಲ್ ಬೀಳಿಸಿದಳು. ಟೈಲರ್, ಗೆರೆಯೇ ಡೊಂಕು ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಮಗಳೂ ಒಮ್ಮೆ ಮಾಡಿ ನೋಡಿದಳು. ದನಿಯೇ ಹೊರಡಲಿಲ್ಲ.

"ನಂಗೂ ಬರಲ್ಲ, ಅಪ್ಪ. ಅದಕ್ಕೇ ಕಲಿಯೋಕೆ ಹೋಗ್ತೀನಿ ಅಂತಿರೋದು."

ಟೈಲರ್ ತಲೆ ಕೆರೆದುಕೊಂಡ. "ಹಾಗಾದ್ರೆ ಆ ಮನುಷ್ಯ ಏನೂ ನೋಡದೆ ನಮಗೆ ಪಾತ್ರ ಹೇಗೆ ಕೊಟ್ಟ?"

ಅತ್ತೆಯ ಮುಖದ ನಗು ಮಾಯವಾಯಿತು. "ಅವನನ್ನೇ ಕೇಳಿ. ಫೋನ್ ಮಾಡಿ, ಎಲ್ಲರಿಗೂ ಕೇಳೋ ಹಾಗೆ ಇಡಿ."

ಕೋಟಿನ ಅಳತೆ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿ ಟೈಲರ್ ಕೇಳಿದ. ಯಾವ ಸಿನಿಮಾ? ಯಾರು ಮಾಡುತ್ತಿರುವುದು? "ಅದೆಲ್ಲ ಗುಟ್ಟು" ಎಂಬ ಉತ್ತರ ಬಂತು.

"ಸರಿ, ಮಗಳ ಜೊತೆ ನಾನೂ ಬರ್ತೀನಿ."

"ಬೇಡ ಬೇಡ, ಅಪ್ಪ ಎದುರಿಗಿದ್ರೆ ಹುಡುಗಿ ನಾಚ್ಕೋತಾಳೆ. ಒಬ್ಬಳನ್ನೇ ಕಳಿಸಿ."

"ಮತ್ತೆ ನನ್ನ ಜಡ್ಜ್ ಪಾತ್ರ?"

"ಯಾವ ಜಡ್ಜು?"

ಅಂಗಡಿಯಲ್ಲಿ ಯಾರೂ ನಗಲಿಲ್ಲ. ಅತ್ತೆ ಫೋನಿಗೆ ಬಾಯಿ ಹಚ್ಚಿ, ಸೊಸೆಯಂದಿರನ್ನು ನಡುಗಿಸುವ ಅದೇ ದನಿಯಲ್ಲಿ, "ರೂಮ್ ನಂಬರ್ ಹೇಳಪ್ಪಾ, ಪೊಲೀಸರನ್ನು ಕರ್ಕೊಂಡು ನಾನೇ ಬರ್ತೀನಿ" ಎಂದಳು. ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್.

ಟೈಲರ್ ಕುಸಿದು ಕೂತ. ಅರ್ಧ ಹೊಲಿದಿದ್ದ ಹೊಸ ಅಂಗಿಯನ್ನು ಕೈಗೆತ್ತಿಕೊಂಡ. "ನನ್ನ ಕೈಯಾರೆ ಹೊಸ ಅಂಗಿ ಹೊಲಿದು ಕಳಿಸ್ತಿದ್ನಲ್ಲಾ... ಎರಡು ಹೊಗಳಿಕೆ ಮಾತಿಗೆ ಮಗಳನ್ನೇ ಕಳಿಸ್ತಿದ್ನಲ್ಲಾ!" ಎಂದು ಅತ್ತುಬಿಟ್ಟ. ಮಗಳು ಅವನ ಪಕ್ಕ ಕೂತು ಕೈ ಹಿಡಿದುಕೊಂಡಳು.

ಆಗಲೇ ಎಲ್ಲರೂ ಠಾಣೆಗೆ ಹೋಗಿ ದೂರು ಕೊಟ್ಟರು. ಮರುದಿನ ಅಪ್ಪ ಮಗಳು ತರಬೇತಿ ಶಾಲೆಗೆ ಹೋದರು. ಟೈಲರ್ ಒಂದು ತರಗತಿ ಪೂರ್ತಿ ಹಿಂದೆ ಕೂತು ನೋಡಿದ, ಅಲ್ಲಿ ಮೊದಲು ಕಲಿತು ಹೋದವರನ್ನು ಮಾತಾಡಿಸಿದ, ಕಲಿಸುವವರು ಯಾವ ಯಾವ ನಾಟಕ, ಸಿನಿಮಾಗಳಲ್ಲಿ ಕೆಲಸ ಮಾಡಿದವರೆಂದು ವಿಚಾರಿಸಿದ. ಕೊನೆಗೆ, "ಪಾತ್ರ ಗ್ಯಾರಂಟಿನಾ?" ಎಂದು ಕೇಳಿದ.

"ಇಲ್ಲ. ಕೆಲಸ ಕಲಿಸ್ತೀವಿ, ಪಾತ್ರ ಇವಳೇ ಗಿಟ್ಟಿಸ್ಕೋಬೇಕು" ಎಂದರು ಅಲ್ಲಿನ ಮೇಷ್ಟ್ರು.

"ಹಾಗಾದ್ರೆ ಇವತ್ತೇ ಸೇರಿಸ್ಕೊಳ್ಳಿ" ಎಂದ ಟೈಲರ್.

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮಕ್ಕಳಿಗೆ ನಟನೆಯ ಆಸೆಯಿದ್ದರೆ ಚಿವುಟಬೇಡಿ, ಕಲಿಯಲು ಕಳಿಸಿ. ಶಾಲೆಯನ್ನು ಕಣ್ಣಾರೆ ನೋಡಿ ಸೇರಿಸಿ. ಆಡಿಷನ್ ಎಂದರೆ ಯಾರದು, ಎಲ್ಲಿ ಎಂದು ವಿಚಾರಿಸಿ, ಜೊತೆಗೆ ನೀವೂ ಹೋಗಿ. ಕೇಳಲು ಸಂಕೋಚ ಬೇಡ. ನಿಜವಾಗಿ ಕೆಲಸ ಕೊಡುವವನು ನಿಮ್ಮನ್ನು ಕಂಡು ಹೆದರುವುದಿಲ್ಲ. ಹೆದರುವವನ ಬಾಗಿಲಿಗೆ ನಿಮ್ಮ ಮಗು ಹೋಗುವುದು ಬೇಡ.