ಹೊಸ ಮನೆಯ ಮೊದಲ ಕಾಗದ

ಹಾಲು ಕೈಯಲ್ಲಿತ್ತು, ಬೀಗದ ಕೈ ಜೇಬಿನಲ್ಲಿತ್ತು, ಮನೆ ಎಂಟು ನಿಮಿಷದ ದಾರಿಯಲ್ಲಿತ್ತು. ಆದರೆ ಗಂಟೆ ಮೂರು ಕಳೆದು ಎರಡು ನಿಮಿಷವಾಗಿತ್ತು, ವಾರ ಮಂಗಳವಾರವಾಗಿತ್ತು. ಪರ್ತ್‌ನ ಕ್ಯಾನಿಂಗ್ ವೇಲ್ ಬಡಾವಣೆಯ ಸೂಪರ್‌ಮಾರ್ಕೆಟ್ಟಿನ ಮುಂದೆ ನಿಂತಿದ್ದ ಮಗನ ಬಿಳಿ ಕಾರಿನ ಬಾಗಿಲಿಗೆ ಕೈಯಿಟ್ಟಿದ್ದ ಚೆನ್ನಮ್ಮ ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

"ಯಾಕವ್ವ, ಹತ್ತು" ಎಂದ ಉಮಾಪತಿ.

"ರಾಹುಕಾಲ ಬಂತು ಕಣಪ್ಪ. ನಾಲ್ಕೂವರೆಗೆ ಹೊರಡಾನ."

ಉಮಾಪತಿ ಹೆಂಡತಿಯ ಮುಖ ನೋಡಿದ. ಸ್ಪಂದನಾ ಆಕಾಶ ನೋಡಿದಳು. ಪಕ್ಕದ ಬಡಾವಣೆ ಸದರ್ನ್ ರಿವರ್‌ನಲ್ಲಿ ಕಟ್ಟಿಸಿದ ಮನೆಯ ಬೀಗದ ಕೈಯನ್ನು ಮಧ್ಯಾಹ್ನ ಹನ್ನೆರಡಕ್ಕೆ ಕೊಡುತ್ತೇನೆಂದಿದ್ದ ಬಿಲ್ಡರ್ ಕಡೆಯವನು ಎರಡು ಗಂಟೆಗೆ ಕೊಟ್ಟಿದ್ದ. ಮೂರರೊಳಗೆ ಹಾಲುಕ್ಕಿಸಬೇಕೆಂದು ಓಡಿ ಬಂದರೆ ಬಿಲ್ಲಿನ ಸಾಲು ಹನುಮಂತನ ಬಾಲದಷ್ಟಿತ್ತು. ನಾಳೆಗೆ ಹಾಕೋಣವೆಂದರೆ ಆಗದು. ಉಮಾಪತಿ ಗಣಿಯಲ್ಲಿ ಭೂವಿಜ್ಞಾನಿ, ಬೆಳಗಿನ ಐದರ ವಿಮಾನಕ್ಕೆ ಉತ್ತರದ ಕೆಂಪು ಮಣ್ಣಿನ ಸೀಮೆಗೆ ಹೋದನೆಂದರೆ ಮರಳುವುದು ಎರಡು ವಾರದ ಮೇಲೆ.

"ಅವ್ವ, ನಿನ್ನ ಕ್ಯಾಲೆಂಡರಲ್ಲಿರೋದು ಕೊಳ್ಳೇಗಾಲದ ಮೂರು ಗಂಟೆ. ಅಲ್ಲಿ ಈಗಿನ್ನೂ ಹನ್ನೆರಡೂವರೆ."

"ಸೂರ್ಯ ಯಾರ ತಲೆ ಮೇಲಿದ್ದಾನೋ ಅವರ ಗಂಟೆ ಕಣಪ್ಪ. ನಿನ್ನ ತಲೆ ಎಲ್ಲೈತೆ?"

ಸ್ಪಂದನಾ ನಗುತ್ತ ಒಳಗೆ ಹೋಗಿ ಒಂದು ಚೀಲ ಐಸು ತಂದು ಹಾಲಿನ ಸುತ್ತ ಹೊದಿಸಿದಳು. "ಅತ್ತೆ, ನಾವು ಕಾಫಿ ಕುಡ್ಕೊಂಡು ಬರ್ತೀವಿ. ನಿಮಗೆ?" ಎಂದಳು. ಹಾಲುಕ್ಕುವ ತನಕ ತನಗೆ ನೀರೇ ಸಾಕೆಂದಳು ಚೆನ್ನಮ್ಮ. ಇಬ್ಬರೂ ಒಳಗೆ ಹೋದರು. ಅಲ್ಲಿ ಒಂದೂವರೆ ಗಂಟೆಗಿಂತ ಹೆಚ್ಚು ಕಾರು ನಿಲ್ಲಿಸಬಾರದೆಂದು ಹೇಳುವ ಫಲಕವೊಂದು ಹೂಬಿಟ್ಟ ಮರದ ಹಿಂದೆ ನಿಂತಿತ್ತು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಅಲ್ಲಿ ಎಂದೂ ನಿಲ್ಲದ ಸಂಸಾರ ಅದನ್ನು ಓದಿರಲಿಲ್ಲ.

ಚೆನ್ನಮ್ಮ ಮರದ ಕೆಳಗಿನ ಬೆಂಚಿನ ಮೇಲೆ ಕೂತು ಮಾದಪ್ಪನ ನಾಮ ಹಿಡಿದಳು. ಹಿಡಿದು ಸ್ವಲ್ಪ ಹೊತ್ತಿಗೆ ಸಮುದ್ರದ ಕಡೆಯ ಗಾಳಿ ಎದ್ದಿತು. ಆ ಗಾಳಿಗೆ, ಯಾರೋ ಸಾಮಾನು ಇಳಿಸಿಕೊಂಡು ಬಿಟ್ಟುಹೋಗಿದ್ದ ಟ್ರಾಲಿಯೊಂದು ತಾನೇ ತಾನಾಗಿ ಉರುಳುತ್ತ ಒಂದು ಕೆಂಪು ಕಾರಿನ ಕಡೆ ಹೊರಟಿತು. ಕಾರಿನೊಳಗೆ ಮಗುವೊಂದು ತಾಯಿಯ ತೊಡೆಯ ಮೇಲೆ ಮಲಗಿತ್ತು. ಚೆನ್ನಮ್ಮ ಎದ್ದು ಹೋಗಿ, ಕಟ್ಟು ಬಿಚ್ಚಿಕೊಂಡ ಕರುವನ್ನು ಹಿಡಿಯುವ ಹಾಗೆ ಅದನ್ನು ಹಿಡಿದು, ಟ್ರಾಲಿ ನಿಲ್ಲಿಸುವ ಕಂಬಿಯ ಕೊಟ್ಟಿಗೆಗೆ ಸೇರಿಸಿದಳು. ತಿರುಗಿ ನೋಡಿದರೆ ಇನ್ನೊಂದು. ಅದರಾಚೆ ಮೂರು. ದಿನ್ನೆಯ ಮೇಲೊಂದು, ಹುಲ್ಲಿನ ಮೇಲೊಂದು, ಅಂಗವಿಕಲರ ಜಾಗದಲ್ಲಿ ಅಡ್ಡಡ್ಡ ಎರಡು.

ರಾಹುಕಾಲದಲ್ಲಿ ತನ್ನ ಕೆಲಸ ತೊಡಗಬಾರದು, ಅದು ಸರಿ. ಇನ್ನೊಬ್ಬರ ಕೆಲಸಕ್ಕೆ ಕೈ ಹಾಕಬಾರದೆಂದು ಯಾರೂ ಹೇಳಿಲ್ಲವಲ್ಲ ಎಂದುಕೊಂಡಳು ಚೆನ್ನಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಂದರ ಹೊಟ್ಟೆಯೊಳಗೆ ಇನ್ನೊಂದನ್ನು ತೂರಿಸಿ, ಸಾಲು ಮಾಡಿ, ನಾಮ ಬಿಡದೆ ತಳ್ಳಿದಳು. ಎಷ್ಟಾಯಿತೆಂದು ಎಣಿಸಲಿಲ್ಲ. ಬಹಳ ದಿನದ ಮೇಲೆ ಕೈತುಂಬ ಕೆಲಸ ಸಿಕ್ಕಿ ಅವಳ ಮೈ ಹಗುರವಾಗಿತ್ತು.

ಅಷ್ಟರಲ್ಲಿ ಹಳದಿ ಮೇಲಂಗಿಯವನೊಬ್ಬ ಬಂದು ಅವರ ಕಾರಿನ ಫೋಟೋ ಹೊಡೆದ, ವೈಪರಿನ ಕೆಳಗೆ ಒಂದು ಕಾಗದ ಸಿಕ್ಕಿಸಿದ. ಚೆನ್ನಮ್ಮ ಅವನನ್ನು ನೋಡಿ ನಕ್ಕಳು. ಅವನೂ ಹೆಬ್ಬೆರಳೆತ್ತಿ ನಕ್ಕು ಮುಂದೆ ಹೋದ. ಯಾವುದೋ ಅಂಗಡಿಯ ರಿಯಾಯಿತಿ ಚೀಟಿ, ಗಾಳಿಗೆ ಹಾರಿಹೋದೀತು ಎಂದು ಅವಳು ಅದನ್ನು ತೆಗೆದು ಅರಿಸಿನ ಕುಂಕುಮದ ಚೀಲದಲ್ಲಿ ಭದ್ರವಾಗಿಟ್ಟಳು.

ನಾಲ್ಕು ಮೂವತ್ತೆರಡಕ್ಕೆ ಕಾರು ಹೊರಟಿತು. ಐದರ ಒಳಗೆ, ಸೋಫಾ ಇಲ್ಲದ, ಪರದೆ ಇಲ್ಲದ, ಬಣ್ಣದ ವಾಸನೆಯ ಮನೆಯಲ್ಲಿ ಹಾಲು ಮೂಡಣದ ಕಡೆಗೇ ಉಕ್ಕಿ ಹೊಸ ಒಲೆಯ ಗಾಜಿನ ಮೇಲೆಲ್ಲ ಹರಿಯಿತು. "ಕಲೆ ಆಗತ್ತೆ" ಎಂದು ಬಟ್ಟೆ ಹಿಡಿದು ಓಡಿಬಂದ ಉಮಾಪತಿಯನ್ನು ಸ್ಪಂದನಾ ಹಿಡಿದು ನಿಲ್ಲಿಸಿದಳು. "ಹರೀಲಿ ಬಿಡಿ. ಅದಕ್ಕೇ ತಾನೇ ಒಂದೂವರೆ ಗಂಟೆ ಕೂತಿದ್ದು."

ಹೊಸ್ತಿಲಿಗೆ ಇನ್ನಷ್ಟು ಕುಂಕುಮವಿಡಲು ಚೀಲ ಬಿಚ್ಚಿದಾಗ ಕಾಗದ ಹೊರಬಂತು. ಸ್ಪಂದನಾ ಓದಿದಳು. ತೊಂಬತ್ತು ನಿಮಿಷದ ಜಾಗದಲ್ಲಿ ನೂರು ನಿಮಿಷ ದಾಟಿ ನಿಂತದ್ದಕ್ಕೆ ಅರವತ್ತಾರು ಡಾಲರ್ ಕಟ್ಟಬೇಕಂತೆ.

"ರಾಹು ಬಿಲ್ ಕಳಿಸಿದಾನೆ ನೋಡವ್ವ" ಎಂದ ಉಮಾಪತಿ.

ಪಾಯಸಕ್ಕೆಂದು ಬಂದಿದ್ದ ವೇಣುಗೋಪಾಲ ಕಾಗದ ಇಸಿದುಕೊಂಡ. ಮೈಸೂರಿನವನು, ಉಮಾಪತಿಯ ಜೊತೆ ಗಣಿಯಲ್ಲಿ ಇಂಜಿನಿಯರು. ಪರ್ತ್‌ನಲ್ಲಿ ಎಲ್ಲಿ ಏನು ಅಗ್ಗ, ಯಾವ ಕಾನೂನು ಎಲ್ಲಿ ಬಾಗುತ್ತದೆ ಎಂದು ಬಲ್ಲವನೆಂಬ ಹೆಸರಿತ್ತು.

"ಆಂಟಿ, ಇದು ಸರ್ಕಾರದ ಫೈನ್ ಅಲ್ಲ, ಪ್ರೈವೇಟ್ ಕಂಪನಿದು. ತಕರಾರು ಹಾಕ್ಬಹುದು. ಬ್ಯಾಟರಿ ಡೆಡ್ ಆಗಿತ್ತು ಅಂತ ಒಂದು ಲೆಟರ್ ಬರೆದ್ಬಿಡಿ, ಮುಗೀತು. ನಾನೇ ಮೂರ್ ಸಲ ಬರ್ದಿದೀನಿ. ನನ್ನ ಕಾರಿನ ಬ್ಯಾಟರಿ ಈ ಊರಿನ ಎಲ್ಲ ಮಾಲ್‌ನಲ್ಲೂ ಸತ್ತಿದೆ."

ಎಲ್ಲರೂ ನಕ್ಕರು. ಚೆನ್ನಮ್ಮನೂ ನಕ್ಕಳು. ನಕ್ಕ ಮೇಲೆ ಕೇಳಿದಳು, "ಆ ಕಾಗದಕ್ಕೆ ಯಾವ ಮನೆ ವಿಳಾಸ ಹಾಕ್ತೀರಪ್ಪ?"

"ಇದೇ ಮನೇದು."

"ಹಂಗಾದ್ರೆ ಈ ಮನೆಯಿಂದ ಹೊರಡೋ ಮೊದಲನೇ ಕಾಗದ ಅದೇ ಅಲ್ವಾ?"

ಚೆನ್ನಮ್ಮನ ತೌರಿನಲ್ಲಿ ಹೊಸ ಕಣಜ ತೆರೆದಾಗ ಮೊದಲ ಮೊರದ ಕಾಳು ಹೊರಗಿನವರಿಗೆ ಹೋಗುತ್ತಿತ್ತು. ಆ ಮೊರವನ್ನು ಅವಳಪ್ಪ ತಾನೇ ಬಿಸಿಲಿಗೆ ಹಿಡಿದು, ಒಂದೊಂದು ಜೊಳ್ಳನ್ನೂ ಬೆರಳಿನಿಂದ ಹೆಕ್ಕಿ ತೆಗೆದು ಕಳಿಸುತ್ತಿದ್ದ. ಮೊದಲು ಹೊರಟದ್ದರ ಹಿಂದೆಯೇ ಮಿಕ್ಕದ್ದೆಲ್ಲ ಹೋಗುತ್ತದೆ ಎನ್ನುತ್ತಿದ್ದ.

"ಹೋಗ್ಲಿ, ದುಡ್ಡು ಕಟ್ಬಿಡ್ತೀನಿ ಬಿಡವ್ವ" ಎಂದ ಉಮಾಪತಿ.

"ಕಟ್ಟಾನ. ನಿಂತಿದ್ದು ನಿಜ. ಆದ್ರೆ ಯಾಕೆ ನಿಂತಿದ್ವಿ ಅಂತ ಇದ್ದದ್ದು ಇದ್ದಂಗೆ ಒಂದು ಸಲ ಬರೀರಿ. ಕೇಳಿದ ಮೇಲೂ ಕಟ್ಟಿ ಅಂದ್ರೆ ಕಟ್ಟಾನ. ಈ ಮನೆಯಿಂದ ಸುಳ್ಳು ಮಾತ್ರ ಮೊದಲು ಹೊರಡೋದು ಬೇಡ."

ವೇಣುಗೋಪಾಲ ಪಾಯಸದ ಬಟ್ಟಲಿನ ತಳ ನೋಡುತ್ತ, "ರಾಹುಕಾಲ ಅಂತ ಬರೆದ್ರೆ ಡಬಲ್ ಹಾಕ್ತಾರೆ ಆಂಟಿ" ಎಂದ.

ಮರುದಿನ ಉಮಾಪತಿ ಹಾರಿಹೋದ. ಅತ್ತೆ ಸೊಸೆ ಅಡುಗೆಮನೆಯ ಕಲ್ಲಿನ ಮೇಲೆ ಕಾಗದ ಹರಡಿಕೊಂಡು ನಿಂತರು. ಚೆನ್ನಮ್ಮ ಹೇಳಿದಳು, ಸ್ಪಂದನಾ ಇಂಗ್ಲಿಷಿಗೆ ಇಳಿಸಿದಳು.

"ರಾಹುಕಾಲಕ್ಕೆ ಏನಂತ ಹಾಕಿದೆ?"

"ಹೊರಡೋದಕ್ಕೆ ಒಳ್ಳೇದಲ್ಲದ ಹೊತ್ತು ಅಂತ."

"ನಂಬಿಕೆ ನಮ್ದು, ಜಾಗ ನಿಮ್ದು, ಫಲಕ ನೋಡದೇ ಇದ್ದದ್ದು ತಪ್ಪು ಅಂತ್ಲೂ ಹಾಕು."

"ಅತ್ತೆ, ತಕರಾರು ಅಂದ್ರೆ ತಪ್ಪು ಒಪ್ಕೊಳೋದಲ್ಲ."

"ಹಾಕವ್ವ. ಆ ಕಾಗದದಲ್ಲಿ ಜೊಳ್ಳು ಇರಬಾರದು."

ಹದಿಮೂರು ದಿನಕ್ಕೆ ಉತ್ತರ ಬಂತು. ಕಾರು ಕೆಟ್ಟರೆ, ಮೈಗೆ ಹುಷಾರಿಲ್ಲದಿದ್ದರೆ, ಅಂಗಡಿಯವರೇ ತಡ ಮಾಡಿದ್ದರೆ ಪರಿಶೀಲಿಸುತ್ತಾರಂತೆ. ತಿಳಿಸಿದ ಕಾರಣ ಅವರ ಪಟ್ಟಿಯಲ್ಲಿಲ್ಲ. ಆದ್ದರಿಂದ ಹಣ ಕಟ್ಟತಕ್ಕದ್ದು. ಬೇಕಿದ್ದರೆ ಅಂಗಡಿಯ ಮ್ಯಾನೇಜರನ್ನು ಕಾಣಬಹುದು. ಜೊತೆಗೆ ಸಾಕ್ಷಿಗೆಂದು ಮೂರು ಫೋಟೋ.

ಮೊದಲನೆಯದರಲ್ಲಿ ಕಾರಿನ ನಂಬರು, ಎರಡನೆಯದರಲ್ಲಿ ಗಾಜು. ಮೂರನೆಯದನ್ನು ನೋಡಿ ಸ್ಪಂದನಾ ಕಣ್ಣು ಕಿರಿದು ಮಾಡಿದಳು. ಕಾರಿನ ಹಿಂದೆ, ಹತ್ತು ಹನ್ನೆರಡು ಟ್ರಾಲಿಗಳ ಸಾಲನ್ನು ಇಳಕಲ್ ಸೀರೆಯ ಹೆಂಗಸೊಬ್ಬಳು ಬಂಡಿ ತಳ್ಳುವ ಹಾಗೆ ಬಾಗಿ ತಳ್ಳುತ್ತಿದ್ದಳು.

"ಅತ್ತೆ, ಇದೇನಿದು?"

ಚೆನ್ನಮ್ಮ ಕನ್ನಡಕ ಏರಿಸಿ ನೋಡಿದಳು. "ಅಯ್ಯ, ಸೆರಗು ಹೆಂಗೋ ಸಿಕ್ಕಿಸಿಕೊಂಡಿದೀನಿ ನೋಡು."

"ಸೆರಗಲ್ಲ, ಟ್ರಾಲಿ. ಎಷ್ಟು ಹೊತ್ತು ತಳ್ಳಿದ್ರಿ?"

"ನೀವು ಬರೋ ತನಕ. ಗಾಳಿಗೆ ಓಡಾಡ್ತಿದ್ವು ಪಾಪ."

ಸ್ಪಂದನಾ ಆಗಲೇ ಅಂಗಡಿಗೆ ಫೋನು ಮಾಡಿದಳು. ಮಾತು ಮುಗಿಸಿ ಫೋನಿಟ್ಟವಳು ಅತ್ತೆಯ ಕ್ಯಾಲೆಂಡರಿನ ಕಡೆ ನೋಡಿದಳು. ಮ್ಯಾನೇಜರು ಸಿಗುವುದು ನಾಳೆ ಬುಧವಾರ ಮಾತ್ರ, ಅದೂ ಹನ್ನೆರಡೂವರೆಗೆ. ಬುಧವಾರದ ರಾಹುಕಾಲ ಹನ್ನೆರಡರಿಂದ ಒಂದೂವರೆ ಎಂದು ಮದುವೆಯಾದ ಈ ಆರು ವರ್ಷದಲ್ಲಿ ಅವಳಿಗೂ ಬಾಯಿಪಾಠವಾಗಿತ್ತು.

ಹೊತ್ತು ಕೇಳಿದ ಚೆನ್ನಮ್ಮ ಬೆರಳು ಮಡಿಚಿ ಲೆಕ್ಕ ಹಾಕಿದಳು. ಬೆಳಿಗ್ಗೆ ಮಾದಪ್ಪನ ಪಟದ ಮುಂದೆ ದೀಪ ಹಚ್ಚಿ ಬಹಳ ಹೊತ್ತು ಕೂತಳು. ನಲವತ್ತು ವರ್ಷದಿಂದ ಆ ಹೊತ್ತಿನಲ್ಲಿ ಹೊಸ್ತಿಲು ದಾಟಿದವಳಲ್ಲ. ದಾಟದಿದ್ದರೆ ಮನೆಯ ಮೊದಲ ಮಾತು ಅರ್ಧಕ್ಕೆ ನಿಲ್ಲುತ್ತದೆ. ದಾಟಿದರೆ ಇಷ್ಟು ದಿನ ನಂಬಿದ್ದು ಏನಾಯಿತು? ಬತ್ತಿ ಸ್ವಲ್ಪವೂ ಅಲುಗದೆ ಉರಿಯುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ಅವಳ ಮನಸ್ಸೂ ನಿಂತಿತು.

ಹನ್ನೆರಡು ದಾಟಿದ ಮೇಲೆ ಚಪ್ಪಲಿ ಮೆಟ್ಟಿ ಬಾಗಿಲಿಗೆ ಬಂದು, "ನಡಿಯವ್ವ" ಎಂದಳು.

"ಅತ್ತೆ, ಈಗ..."

"ಗೊತ್ತು. ಇದು ಹೊಸ ಕೆಲಸ ಅಲ್ಲ. ಕಾಗದ ಬರೆದ ದಿನವೇ ತೊಡಗಿದ್ದು. ನಡೀತಿರೋ ಕೆಲಸಕ್ಕೆ ಮಾದಪ್ಪ ಅಡ್ಡ ಬರಲ್ಲ." ಹೊಸ್ತಿಲ ಬಳಿ ಒಂದು ಗಳಿಗೆ ನಿಂತು, ಬಲಗಾಲು ಮುಂದಿಟ್ಟಳು.

ಮ್ಯಾನೇಜರಮ್ಮನ ಹೆಸರು ಎಲೆನಿ ಎಂದು ಎದೆಯ ಮೇಲಿನ ಚೀಟಿಯಲ್ಲಿತ್ತು. ಐವತ್ತರ ಹೆಂಗಸು, ಕೂದಲಿಗೆ ಪೆನ್ನು ಸಿಕ್ಕಿಸಿಕೊಂಡಿದ್ದಳು. ತರಕಾರಿ ಗೋದಾಮಿನ ಹಿಂದಿನ ಪುಟ್ಟ ಕೋಣೆಯಲ್ಲಿ ಒಂದು ಕೈಯಲ್ಲಿ ಸ್ಯಾಂಡ್‌ವಿಚ್ ಹಿಡಿದೇ ಕಾಗದ ಓದಿದಳು. ಓದಿ ಸ್ಯಾಂಡ್‌ವಿಚ್ ಕೆಳಗಿಟ್ಟಳು. ಅವಳ ಮಾತನ್ನು ಸ್ಪಂದನಾ ಕನ್ನಡಕ್ಕೆ ತಂದಳು.

"ಹೊತ್ತು ಸರಿಯಿಲ್ಲ ಅಂತ ನಿಜವಾಗ್ಲೂ ಕಾದ್ರಾ ಅಂತ ಕೇಳ್ತಿದಾರೆ ಅತ್ತೆ."

"ಹೂಂ ಅನ್ನು."

ಎಲೆನಿ ನಕ್ಕಳು. ಗ್ರೀಸಿನಿಂದ ಬಂದ ತನ್ನಜ್ಜಿ ಮಂಗಳವಾರ ಹೊಸ ಬಟ್ಟೆಗೆ ಕತ್ತರಿಯನ್ನೂ ಹಾಕುತ್ತಿರಲಿಲ್ಲವೆಂದಳು. ಆದರೆ ಒಬ್ಬೊಬ್ಬರ ಕೆಟ್ಟ ಹೊತ್ತಿಗೂ ಜಾಗ ಬಿಟ್ಟರೆ ಗಿರಾಕಿಗಳು ಕಾರು ಎಲ್ಲಿ ನಿಲ್ಲಿಸಬೇಕು, ತನ್ನ ಕೈಯಲ್ಲಾಗದು ಎಂದಳು.

"ಸರಿ ಕಣವ್ವ, ನ್ಯಾಯದ ಮಾತೇ" ಎಂದು ಚೆನ್ನಮ್ಮ ಎದ್ದಳು. "ಕೇಳಿದ್ರಲ್ಲ, ಸಾಕು. ಕಟ್ಟಾನ." ಅವಳ ಮುಖದಲ್ಲಿ ಬೇಸರವಿರಲಿಲ್ಲ. ಕಣಜದ ಮೊದಲ ಮೊರ ಹಸನಾಗಿ ಹೊರಗೆ ಹೋಗಿತ್ತು.

ಆದರೆ ಸ್ಪಂದನಾ ಏಳಲಿಲ್ಲ. ಮೂರನೆಯ ಫೋಟೋ ತೆಗೆದು ಮೇಜಿನ ಮೇಲಿಟ್ಟಳು.

ಎಲೆನಿ ಫೋಟೋ ನೋಡಿದಳು, ತಾರೀಖು ನೋಡಿದಳು, ಚೆನ್ನಮ್ಮನ ಸೀರೆ ನೋಡಿದಳು. ಆ ದಿನ ಟ್ರಾಲಿ ನೋಡಿಕೊಳ್ಳುವವನಿಗೆ ಬೆನ್ನು ಹಿಡಿದು ರಜೆಯಾಗಿತ್ತಂತೆ. ಸಂಜೆ ಐದಕ್ಕೆ ತಾನೇ ಹೋಗಿ ಹೆಕ್ಕೋಣವೆಂದು ಹೊರಗೆ ಬಂದರೆ ಅಷ್ಟೂ ಟ್ರಾಲಿ ಕೊಟ್ಟಿಗೆಯಲ್ಲಿ ಸಾಲಾಗಿ ನಿಂತಿದ್ದವು. ಅಂಗಡಿಯಲ್ಲಿ ಒಬ್ಬೊಬ್ಬರನ್ನೂ ಕೇಳಿದ್ದಳಂತೆ. ಯಾರೂ ತಾನೆನ್ನಲಿಲ್ಲವಂತೆ. ಮಾಂಸದ ವಿಭಾಗದವನು ದೇವತೆಗಳು ಬಂದಿರಬೇಕೆಂದು ತಮಾಷೆ ಮಾಡಿದ್ದನಂತೆ.

"ಇದನ್ನ ಲೆಟರಲ್ಲಿ ಯಾಕೆ ಬರೀಲಿಲ್ಲ ಅಂತ ಕೇಳ್ತಿದಾರೆ."

ಚೆನ್ನಮ್ಮನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ನಿಂತಿದ್ದಕ್ಕೆ ಕಾರಣ ಕೇಳಿದ್ರು, ಕಾರಣ ಬರೆದ್ವಿ. ಟ್ರಾಲಿ ಕಾರಣ ಅಲ್ಲವಲ್ಲ."

ಸ್ಪಂದನಾ ಅದನ್ನು ಹೇಳಿ ಮುಗಿಸುವಾಗ ಎಲೆನಿ ಆಗಲೇ ಫೋನೆತ್ತಿಕೊಂಡಿದ್ದಳು. ಪಾರ್ಕಿಂಗ್ ಕಂಪನಿಯವರ ಜೊತೆ ಎರಡು ನಿಮಿಷ ಗಡುಸಾಗಿ ಮಾತಾಡಿದಳು. ಕೂದಲಿನಿಂದ ಪೆನ್ನು ತೆಗೆದು ನೋಟೀಸಿನ ಮೇಲೆ ಅಡ್ಡಗೆರೆ ಎಳೆದು, ರದ್ದು ಎಂದು ಬರೆದು ಸಹಿ ಮಾಡಿದಳು.

"ವಾರಕ್ಕೆ ಹತ್ತು ಕಾಗದ ಬರತ್ತಂತೆ ಅತ್ತೆ. ಹತ್ತರಲ್ಲೂ ಬ್ಯಾಟರಿ ಸತ್ತಿರತ್ತಂತೆ. ಓದಿ ನಂಬಿದ್ದು ಇದೊಂದನ್ನೇ ಅಂತಾರೆ."

"ವೇಣುಗೋಪಾಲಂಗೆ ಹೇಳ್ಬೇಕು" ಎಂದಳು ಚೆನ್ನಮ್ಮ. ಆಮೇಲೆ ಎಲೆನಿಯ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದು, "ಉಮಾಪತಿ ಬಂದ ಮೇಲೆ ಮನೆಗೆ ಊಟಕ್ಕೆ ಬರಬೇಕು ಅನ್ನು" ಎಂದಳು.

ಮಂಗಳವಾರ ಬೇಡ ತಾನೆ ಎಂದು ಎಲೆನಿ ಕೇಳಿದಳು. ಮೂವರೂ ನಕ್ಕ ನಗು ಗೋದಾಮಿನ ಎಲೆಕೋಸಿನ ಪೆಟ್ಟಿಗೆಗಳ ತನಕ ಕೇಳಿಸಿತು.

ಹೊರಗೆ ಬಂದಾಗ ಒಂದು ಗಂಟೆ ಐದು ನಿಮಿಷ. ಸ್ಪಂದನಾ ಗಡಿಯಾರ ನೋಡಿ, "ಅತ್ತೆ, ರಾಹುಕಾಲ ಇನ್ನೂ ಇಪ್ಪತ್ತೈದು ನಿಮಿಷ ಇದೆ. ಪಾರ್ಕಿಂಗಿಗೆ ಇನ್ನೂ ಐವತ್ತಿದೆ, ಈ ಸಲ ಆರಾಮಾಗಿ ಕಾಯ್ಬಹುದು" ಎಂದಳು.

"ಬೇಡ, ತೆಗಿಯವ್ವ ಕಾರು. ಅವತ್ತು ಹೊಸ ಮನೆಗೆ ಹೋಗ್ತಿದ್ವಿ. ಇವತ್ತು ನಮ್ಮನೆಗೆ ಹೋಗ್ತಿದೀವಿ."

ಕಾರಿನ ಬಾಗಿಲು ತೆರೆದವಳು ಹಾಗೇ ನಿಂತಳು. ದಿನ್ನೆಯ ಮೇಲೆ ಒಂಟಿ ಟ್ರಾಲಿಯೊಂದು ಗಾಳಿಗೆ ಅತ್ತಿತ್ತ ತಿರುಗುತ್ತಿತ್ತು. ಅತ್ತೆ ಅಡಿಯಿಡುವ ಮೊದಲೇ ಸೊಸೆ ನಡೆದಿದ್ದಳು. ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿ, ಟ್ರಾಲಿ ಹಿಡಿದು, ಸ್ಪಂದನಾ ಕೊಟ್ಟಿಗೆಯ ಕಡೆ ತಳ್ಳಿದಳು.